ಶ್ರೀಮತಿಯ ಪಾದ, ನಿಜ ಅಳತೆಯಲ್ಲಿ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೆ ಇತ್ತು. ಅದೀಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಬೀದಿಯವರಿಗೆ, ನೆಂಟರಿಗೆ, ಹಾಲು ಹಾಕುವವನಿಗೆ, ಎಲ್ಲರಿಗೂ ಅವನು ಮಿಲಿಮೀಟರ್. ಹೆಂಡತಿ ಎದುರಿಗೆ 'ರೀ' ಅನ್ನುತ್ತಾಳೆ, ಶಾಲೆಯಲ್ಲಿ ಜೊತೆಯ ಟೀಚರುಗಳ ಹತ್ತಿರ 'ನಮ್ಮನೆ ಮಿಲಿಮೀಟರ್' ಅನ್ನುತ್ತಾಳೆ.

ಈ ಹೆಸರು ಸುಮ್ಮನೆ ಬಂದದ್ದಲ್ಲ, ದುಡಿದು ಗಳಿಸಿದ್ದು. ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು ಇರುತ್ತದೆ. ಬೇರೆಯವರು ಮನೆಗೆ ಬಂದವರ ಮುಖ ನೋಡಿದರೆ, ಇವನು ಅವರು ಸರಿಸಿ ಕೂತ ಕುರ್ಚಿಯ ಕಾಲು ನೋಡುತ್ತಾನೆ. ಒಮ್ಮೆ ಬಡಗಿ ಮಾಡಿಕೊಟ್ಟ ಕಪಾಟಿನ ಬಾಗಿಲು ಎರಡು ಮಿಲಿಮೀಟರ್ ಓರೆ ಎಂದು ಮತ್ತೆ ಮತ್ತೆ ಬಿಚ್ಚಿಸಿದ. ಕೊನೆಗೆ ಬಡಗಿ ಕೈ ಮುಗಿದು, "ಸಾರ್, ಓರೆ ಇರೋದು ಬಾಗಿಲಲ್ಲ, ನಿಮ್ಮ ಗೋಡೆ" ಅಂದ. ಮಿಲಿಮೀಟರ್ ಗೋಡೆ ಅಳೆದ. ಗೋಡೆ ಓರೆಯಾಗಿಯೇ ಇತ್ತು. ಆಮೇಲೆ ಗೋಡೆ ಕಟ್ಟಿದ ಮೇಸ್ತ್ರಿಯನ್ನು ಹುಡುಕಿಕೊಂಡು ಊರೆಲ್ಲ ಅಲೆದ. ಮೇಸ್ತ್ರಿ ಪುಣ್ಯವಂತ, ಅಷ್ಟರಲ್ಲಿ ತೀರಿಕೊಂಡಿದ್ದ.

ಮೊದಲು ಅವನು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದ. ಅಲ್ಲಿಯ ಯಜಮಾನರು ಸ್ವತಃ ಬರೆದ ಒಂದು ಮೆಟ್ಟಿಲ ನಕ್ಷೆಯಲ್ಲಿ, ಮೇಲಿನ ಮೆಟ್ಟಿಲು ಹತ್ತುವವನ ತಲೆ ತೊಲೆಗೆ ತಾಗುತ್ತದೆ ಎಂದು ನಾಲ್ಕು ಜನರ ಎದುರಿಗೆ ಹೇಳಿದ. ಮಾತು ನಿಜವೇ. ನಿಜವಾದದ್ದಕ್ಕೇ ಯಜಮಾನರಿಗೆ ಸಹಿಸಲಾಗಲಿಲ್ಲ. ಒಂದು ಗೋಡೆ ಗಡಿಯಾರ ಕೈಗಿತ್ತು, ಚಪ್ಪಾಳೆ ತಟ್ಟಿ, ಅವನನ್ನು ಮನೆಗೆ ಕಳಿಸಿಕೊಟ್ಟರು. ಗಡಿಯಾರ ಸ್ವಲ್ಪ ಮುಂದಿತ್ತು. ಅದನ್ನು ವಾಪಸು ಒಯ್ದು ಹೇಳಿ ಬಂದ ಮೇಲೆ ಆ ಕಚೇರಿಯ ಬಾಗಿಲು ಪೂರ್ತಿ ಮುಚ್ಚಿತು.

ಕೈಹಿಡಿದವನು ಹೆಂಡತಿಯ ಅಣ್ಣ. ಅವನು ಕಾಲಿನ ತೊಂದರೆ ಇದ್ದವರಿಗೆ ಬೂಟು ಮಾಡುವವನು: ಒಂದು ಕಾಲು ಗಿಡ್ಡ ಇದ್ದವರು, ಪಾದ ಸೊಟ್ಟ ಇದ್ದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು. ಮೂರು ಕೋಣೆಯ ಕಾರ್ಖಾನೆ. ಮುಂದಿನದರಲ್ಲಿ ಅಳತೆ, ನಡುವಿನದರಲ್ಲಿ ಕತ್ತರಿಸುವ ಮೇಜು, ಹಿಂದಿನದರಲ್ಲಿ ಅಂಟಿನ ವಾಸನೆ. ಭಾವ ಮೈದುನರಿಬ್ಬರೂ ಒಬ್ಬರನ್ನೊಬ್ಬರು 'ಭಾವ' ಅಂತಲೇ ಕರೆಯುತ್ತಿದ್ದರು. ಹೊಸದಾಗಿ ಬಂದ ಗಿರಾಕಿಗೆ ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯಲು ತುಸು ಹೊತ್ತು ಹಿಡಿಯುತ್ತಿತ್ತು.

ಭಾವನ ಅಳತೆಯ ಪದ್ಧತಿ ಹೀಗಿತ್ತು. ಕಂದು ಕಾಗದದ ಮೇಲೆ ಕಾಲಿಡಿಸಿ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು. ಬೆಳಿಗ್ಗೆ ಪೆನ್ಸಿಲ್ಲು ನೆಟ್ಟಗಿರುತ್ತಿತ್ತು, ಊಟವಾದ ಮೇಲೆ ಒಳಕ್ಕೆ ವಾಲುತ್ತಿತ್ತು. ಆದ್ದರಿಂದ ಮಧ್ಯಾಹ್ನದ ಗಿರಾಕಿಗಳ ಬೂಟು ಸದಾ ಬಿಗಿ. ಭಾವ ಅದನ್ನು ಸರಿದೂಗಿಸಲು 'ಅಂದಾಜು' ಎಂಬ ಇನ್ನೊಂದು ಶಾಸ್ತ್ರ ಇಟ್ಟುಕೊಂಡಿದ್ದ. ಕತ್ತರಿಸುವಾಗ ಕೈಗೆ ತೋಚಿದಷ್ಟು ಬಿಡುವುದು. ಇದನ್ನೆಲ್ಲ ಕಣ್ಣಾರೆ ಕಂಡ ಮಿಲಿಮೀಟರ್‌ಗೆ ಅಂದು ಊಟ ಸೇರಲಿಲ್ಲ.

ಅವನ ಒತ್ತಾಯಕ್ಕೆ ಒಂದು ಯಂತ್ರ ಬಂತು. ಗಾಜಿನ ಹಲಗೆಯ ಮೇಲೆ ಕಾಲಿಟ್ಟರೆ ಕೆಳಗಿನಿಂದ ಬೆಳಕು ಹಾಯಿಸಿ, ಪಾದದ ಅಂಚಿನ ಒಂದೊಂದು ಬಿಂದುವೂ ಎಲ್ಲೆಲ್ಲಿದೆ ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಕಂಪ್ಯೂಟರಿಗೆ ಒಪ್ಪಿಸುತ್ತಿತ್ತು. ಆದರೆ ಅದರ ಜೊತೆ ಬಂದ ಚಿತ್ರ ಬರೆಯುವ ವ್ಯವಸ್ಥೆಗೆ ಅಂದಚಂದದ ಹುಚ್ಚು. ಯಾವ ಕಾಲನ್ನು ಕೊಟ್ಟರೂ ಹಾಳೆ ತುಂಬುವಂತೆ ಹಿಗ್ಗಿಸಿ ಬರೆಯುತ್ತಿತ್ತು. ಮಗುವಿನ ಕಾಲೂ ಪೈಲ್ವಾನನ ಕಾಲೂ ಒಂದೇ ಉದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅದು ತಪ್ಪಾಗಿ ಕಲಿತಿತ್ತು; ಹಾಸಿಗೆ ಎಷ್ಟಿದೆಯೋ ಅಷ್ಟುದ್ದಕ್ಕೂ ಕಾಲನ್ನೇ ಎಳೆಯುತ್ತಿತ್ತು.

ಆಗ ಮಿಲಿಮೀಟರ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ. ತಲೆಗೂದಲು ನರೆತ ಮೇಲೆ, ಫೋನಿನಲ್ಲಿ ಪಾಠದ ವಿಡಿಯೊ ನೋಡಿ, ಎರಡು ಬೆರಳಲ್ಲಿ ಕುಟ್ಟಿ ಕಲಿತ. ಹಾಳೆಯ ಅಗಲ ಇನ್ನೂರಹತ್ತು ಮಿಲಿಮೀಟರ್, ಉದ್ದ ಇನ್ನೂರ ತೊಂಬತ್ತೇಳು. ಪೈಥಾನಿಗೆ ಇಂಚಿನ ಭಾಷೆ ಮಾತ್ರ ಬರುವುದರಿಂದ ಅಳತೆಯನ್ನೆಲ್ಲ ಇಪ್ಪತ್ತೈದು ಬಿಂದು ನಾಲ್ಕರಿಂದ ಭಾಗಿಸಬೇಕು. ಅಡ್ಡಕ್ಕೂ ಉದ್ದಕ್ಕೂ ಒಂದೇ ಪ್ರಮಾಣ ಇರಬೇಕು. ಏನೇ ಆದರೂ ಹಿಗ್ಗಿಸಬಾರದು, ಕುಗ್ಗಿಸಬಾರದು. ಕಾಲಿನ ಒಂದು ಮಿಲಿಮೀಟರಿಗೆ ಕಾಗದದ ಮೇಲೂ ಒಂದೇ ಮಿಲಿಮೀಟರ್. ಪ್ರತಿ ಹಾಳೆಯ ಕೆಳಗೆ ಹತ್ತು ಸೆಂಟಿಮೀಟರಿನ ಒಂದು ಸಾಕ್ಷಿಗೆರೆಯನ್ನೂ ಬರೆಸಿದ. ಮುದ್ರಣವಾದ ಹಾಳೆ ಕೈಗೆ ಬಂದೊಡನೆ ಗಿರಾಕಿಯ ಕಣ್ಣೆದುರಿಗೇ ಜೇಬಿನ ಸ್ಕೇಲು ತೆಗೆದು ಆ ಗೆರೆಯ ಮೇಲಿಟ್ಟು, "ನೋಡಿ, ಹತ್ತು ಅಂದ್ರೆ ಹತ್ತು" ಎಂದು ತೋರಿಸುತ್ತಿದ್ದ. ಗಿರಾಕಿಗಳು ಕಾಲುನೋವು ಮರೆತು ತಲೆಯಾಡಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಬೂಟುಗಳು ಚೆನ್ನಾಗಿಯೇ ಬರತೊಡಗಿದವು. ತೊಂದರೆ ಬಂದದ್ದು ಭಾವನ ಕೈಯಿಂದ. ಅದು ಹಳೆಯ ಚಟ ಬಿಡದೆ, ಹಾಳೆಯ ಗೆರೆಯಾಚೆ ಸ್ವಲ್ಪ ಸ್ವಲ್ಪ ಅಂದಾಜು ಸೇರಿಸುತ್ತಿತ್ತು. ಒಂದು ದಿನ ಮಿಲಿಮೀಟರ್ ಕತ್ತರಿಸಿದ ತೊಗಲನ್ನು ಹಾಳೆಯ ಮೇಲಿಟ್ಟು ಅಳೆದ. ಆಮೇಲೆ ನಡುವಿನ ಕೋಣೆಯಲ್ಲಿ ನಡೆದ ಜಗಳ ಹಿಂದಿನ ಕೋಣೆಯ ಅಂಟು ಒಣಗುವಷ್ಟು ಹೊತ್ತು ನಡೆಯಿತು. ಅದರ ಫಲವಾಗಿ ಕತ್ತರಿಸುವ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಬರಹ ಬಿತ್ತು: 'ಗೆರೆಯ ಮೇಲೆ ಕತ್ತರಿಸಿ. ಬುದ್ಧಿ ಉಪಯೋಗಿಸಬೇಡಿ.'

"ಆಯ್ತು ಭಾವ," ಅಂದ ಭಾವ. "ಇವತ್ತಿಂದ ಹಾಳೆ ನಿಮ್ದು, ಕತ್ತರಿ ನಂದು. ಬುದ್ಧಿ ಮನೇಲಿಟ್ಟು ಬರ್ತೀನಿ." ಹೇಳಿದಂತೆಯೇ ನಡೆದುಕೊಂಡ. ಕೋಪದಲ್ಲಿ ಕೊಟ್ಟ ಮಾತಿಗೆ ಜನ ಎಂದೂ ತಪ್ಪುವುದಿಲ್ಲ.

ಇನ್ನು ಹೆಂಡತಿಯ ವಿಷಯ. ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಕುರ್ಚಿಯಲ್ಲಿ ಕೂತು ಪಾಠ ಹೇಳುವುದೆಂದರೆ ಅವಳಿಗೆ ಆಗದು. ಸಾಲುಗಳ ನಡುವೆ ದಿನವಿಡೀ ಓಡಾಡುತ್ತಲೇ ಇರಬೇಕು. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಕಾಯಿಲೆ ಸದ್ದಿಲ್ಲದೆ ಪಾದಗಳಿಗೆ ಇಳಿದಿತ್ತು. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಎಡಗಾಲಿನಡಿಯಲ್ಲಿ ಒಂದು ಡ್ರಾಯಿಂಗ್ ಪಿನ್ನು ಚುಚ್ಚಿಕೊಂಡಿತ್ತು. ಯಾವ ಹೊತ್ತಿನಲ್ಲಿ ಚುಚ್ಚಿತೋ ಅವಳಿಗೆ ಗೊತ್ತೇ ಇಲ್ಲ.

ಡಾಕ್ಟರು ಕಾಲಿನ ಅಲ್ಲಲ್ಲಿ ನೈಲಾನ್ ಎಳೆಯಿಂದ ಮುಟ್ಟಿ ನೋಡಿ, "ಕಾಲುಚೀಲ ಹಾಕ್ಕೊಂಡ್ರೆ ಎಲ್ಲೀವರೆಗೆ ಬರತ್ತೋ ಅಲ್ಲೀವರೆಗೆ ಸ್ಪರ್ಶ ಹೋಗಿದೆ" ಅಂದರು. ಪಿನ್ನಿನ ಗಾಯ ಒಣಗಿತು. ಆದರೆ ಡಾಕ್ಟರು ಎಚ್ಚರಿಸಿದ್ದರು: "ಇನ್ನೊಂದು ಗಾಯ ಆಗೋಕೆ ಬಿಡಬೇಡಿ. ರಕ್ತ ಸರಿಯಾಗಿ ಹರೀತಿಲ್ಲ. ಈ ಸಲ ಆದ್ರೆ ಬೆರಳು ಉಳಿಯತ್ತೆ ಅಂತ ನಾನು ಹೇಳಲ್ಲ. ಅಳತೆಗೆ ಸರಿಯಾದ ಬೂಟು ಮಾಡಿಸಿ."

ಅಳತೆಗೆ ಸರಿಯಾದ ಬೂಟು! ಈ ಮಾತನ್ನು ಇಡೀ ಊರಿನಲ್ಲಿ ಯಾವ ಮನುಷ್ಯನಿಗೆ ಹೇಳಬೇಕೋ ಅವನಿಗೇ ಹೇಳಿದಂತಾಗಿತ್ತು. ಮಿಲಿಮೀಟರ್ ಆಸ್ಪತ್ರೆಯ ಮೆಟ್ಟಿಲನ್ನು ಮದುಮಗನಂತೆ ಇಳಿದ.

ಕಾರ್ಖಾನೆಯಲ್ಲಿ ಹೆಂಡತಿ ಗಾಜಿನ ಹಲಗೆಯ ಮೇಲೆ ಕಾಲಿಟ್ಟು ನಿಂತಳು. ಅವನು ಕಂಪ್ಯೂಟರಿನ ಹಿಂದೆ ಕೂತು, "ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಅಲುಗಾಡಬೇಡ" ಎಂದು ಹೇಳುತ್ತಿದ್ದ.

"ಮದುವೆ ದಿನ ಫೋಟೊ ತೆಗೆಯೋನು ಕೂಡ ಇಷ್ಟು ಗದರ್ಲಿಲ್ಲ," ಅಂದಳು. "ಅಲ್ರೀ, ಇಷ್ಟು ವರ್ಷ ಸಂಸಾರ ಮಾಡಿದೀರಿ. ನನ್ನ ಬಗ್ಗೆ ಒಂದಾದ್ರೂ ಒಳ್ಳೆ ಮಾತು ಆಡಿದೀರಾ? ಗಿರಾಕಿಗಳಿಗಾದ್ರೆ 'ನಿಮ್ಮ ಪಾದದ ಕಮಾನು ಚೆನ್ನಾಗಿದೆ' ಅಂತೀರಂತೆ. ಅಣ್ಣ ಹೇಳ್ದ."

ಅವಳು ತಮಾಷೆಗೇ ಹೇಳಿದ್ದು. ಅವನಿಗೆ ಅದು ನಾಟಿತು. ಅವಳು ಶಾಲೆಗೆ ಹೋದ ಮೇಲೆ ಪರದೆಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದ. ಒಳ್ಳೆಯ ಮಾತಾಡುವುದು ಅವನಿಗೆ ರೂಢಿ ಇರಲಿಲ್ಲ. ಕೊನೆಗೆ, ಯಾವ ಗಿರಾಕಿಯ ಹಾಳೆಗೂ ಇಲ್ಲದ ಒಂದು ತಲೆಬರಹವನ್ನು ಅವಳ ಹಾಳೆಯ ನೆತ್ತಿಗೆ ಬರೆಸಿದ. ದಪ್ಪ ಅಕ್ಷರದ ಎರಡು ಸಾಲು:

ನನ್ನ ಶ್ರೀಮತಿಯ ಪಾದ
ನಿಜ ಅಳತೆಯಲ್ಲಿ

ಅವನ ಮಟ್ಟಿಗೆ ಅದು ಪ್ರೇಮಪತ್ರ. ಪ್ರಪಂಚದಲ್ಲಿ ಹೆಂಡತಿಗೆ ಬರೆದ ಮಾತಿನಲ್ಲಿ ಅಳತೆಯ ಖಾತರಿಯನ್ನೂ ಸೇರಿಸಿದ ಗಂಡ ಇವನೊಬ್ಬನೇ ಇರಬೇಕು.

ಪರದೆಯ ಮೇಲೆ ನೋಡಿದರೆ ಮೇಲಿನ ಸಾಲಿನ ಅರ್ಧ ಕತ್ತರಿಸಿ ಹೋಗಿತ್ತು. ಪಾದದ ಚಿತ್ರವೇ ಹಾಳೆಯನ್ನೆಲ್ಲ ಹಿಡಿದುಕೊಂಡಿದ್ದರಿಂದ ತಲೆಬರಹ ಹಾಳೆಯ ಆಚೆಗೆ ಚಾಚಿತ್ತು. ಹುಡುಕಿದಾಗ, ಹೊರಗೆ ಚಾಚಿದ್ದನ್ನೆಲ್ಲ ಒಳಗೆ ಸೇರಿಸಿಕೊಂಡು ಉಳಿಸು ಎಂದು ಪೈಥಾನಿಗೆ ಹೇಳುವ ಒಂದು ಪುಟ್ಟ ಆಜ್ಞೆ ಸಿಕ್ಕಿತು. ಹೇಳಿದ. ಪೈಥಾನ್ ವಿಧೇಯ ಪ್ರಾಣಿ. ಪಾದವನ್ನು ಮುಟ್ಟಲಿಲ್ಲ, ಹಾಳೆಯನ್ನೇ ಒಂದಿಷ್ಟು ಉದ್ದ ಮಾಡಿ ಉಳಿಸಿತು. ಮುದ್ರಣ ಯಂತ್ರದ ಹೊಟ್ಟೆಯಲ್ಲಿದ್ದ ಕಾಗದ ಮಾತ್ರ ಹಳೆಯ ಉದ್ದದ್ದೇ. ಅದೂ ವಿಧೇಯವೇ. ದೊಡ್ಡ ಹಾಳೆ ಚಿಕ್ಕ ಕಾಗದದಲ್ಲಿ ಹಿಡಿಸುವಂತೆ, ಯಾರನ್ನೂ ಕೇಳದೆ, ತಲೆಬರಹ ಪಾದ ಎಲ್ಲವನ್ನೂ ಸಮನಾಗಿ ಕುಗ್ಗಿಸಿ ಹೊರಗೆ ಹಾಕಿತು.

ಹಾಳೆಯ ಕೆಳಗೆ ಸಾಕ್ಷಿಗೆರೆ ಇದ್ದೇ ಇತ್ತು. ಜೇಬಿನಲ್ಲಿ ಸ್ಕೇಲೂ ಇತ್ತು. ಕಂಡವರ ಕಾಲಿಗೆಲ್ಲ ಸ್ಕೇಲು ಹಿಡಿದವನು, ಎಣ್ಣೆ ಬಂದಾಗ ಕಣ್ಣು ಮುಚ್ಚಿದ. ತಲೆಬರಹ ಎಷ್ಟು ಚೆನ್ನಾಗಿ ಬಂದಿದೆಯೆಂದು ಅದನ್ನೇ ನೋಡುತ್ತ, ಹಾಳೆಯನ್ನು ಭಾವನ ಮೇಜಿನ ಮೇಲಿಟ್ಟು ಬಂದ.

ತಂಗಿಯ ಕಾಲು ಭಾವನಿಗೆ ಚಿಕ್ಕಂದಿನಿಂದ ಗೊತ್ತು. ಹಾಳೆ ನೋಡಿ ಅವನ ಕೈ ಒಂದು ಕ್ಷಣ ತಡೆಯಿತು. ತಲೆಯೆತ್ತಿದರೆ ಗೋಡೆಯ ಮೇಲಿನ ಬರಹ ಕಂಡಿತು. ಗೆರೆಯ ಮೇಲೆ ಕತ್ತರಿಸಿದ. ಹಾಳೆಯನ್ನು ತಂಗಿ ಕೇಳಿ ಇಸಿದುಕೊಂಡಳು. ತಲೆಬರಹಕ್ಕಾಗಿ. ಮನೆಗೆ ತಂದು, ಆ ಎರಡು ಮಿಲಿಮೀಟರ್ ಓರೆಯ ಕಪಾಟಿನ ಬಾಗಿಲ ಒಳಗಡೆಗೆ ಅಂಟಿಸಿಕೊಂಡಳು.

ಬೂಟು ಬಂತು. ಹಾಕಿಕೊಳ್ಳಲು ಅವಳು ಮಂಚದ ಕಾಲಿಗೆ ಒದೆಕೊಟ್ಟು ತಿಣುಕಿದಳು.

"ಸ್ವಲ್ಪ ಬಿಗಿ ಅನ್ಸತ್ತೆ ಕಣ್ರೀ."

"ಅನ್ಸತ್ತಾ? ಹೇಗೆ ಅನ್ಸತ್ತೆ?" ಮಿಲಿಮೀಟರ್ ನಕ್ಕ. "ನಿನಗೆ ಕಾಲಲ್ಲಿ ಸ್ಪರ್ಶವೇ ಇಲ್ಲ ಅಂತ ಡಾಕ್ಟರೇ ಹೇಳಿದಾರಲ್ಲ. ಇದು ನಿಜ ಅಳತೆ. ಹೊಸ ತೊಗಲು, ಆಮೇಲೆ ಹದ ಆಗತ್ತೆ."

ತರ್ಕ ಅಂದರೆ ಹೀಗಿರಬೇಕು. ಅವಳು ಬೂಟಿನ ದಾರ ಕಟ್ಟಿಕೊಂಡಳು. ನೋವಾಗಿದ್ದರೆ ಜಗಳವಾಡುತ್ತಿದ್ದಳು, ನೋವು ಇರಲಿಲ್ಲ. ಆ ಬೂಟಿನಲ್ಲಿ ಸಾಲು ಸಾಲು ಓಡಾಡಿ ಪಾಠ ಹೇಳಿದಳು. ಬೂಟು ಬಹಳ ಚೆನ್ನಾಗಿದೆ ಎಂದು ಜೊತೆಯ ಟೀಚರುಗಳು ಹೊಗಳಿದರು.

ಕಾಲುಚೀಲ ಒಗೆಯುವಾಗ ಕಲೆ ಕಂಡದ್ದು ಅವಳಿಗೇ. ಎಡಗಾಲಿನ ಕಿರುಬೆರಳ ಪಕ್ಕ ಚರ್ಮ ಸುಲಿದು, ಒಳಗೆ ಕಪ್ಪಾಗಿತ್ತು. ಡಾಕ್ಟರು ನೋಡಿ ಏನೂ ಬೈಯಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಔಷಧ ಬರೆದು, ಕಾಲು ಊರಬೇಡಿ ಎಂದು ಹೇಳಿ, "ಬೆರಳು ಉಳಿಯತ್ತಾ ನೋಡೋಣ" ಅಂದರು.

ಮಿಲಿಮೀಟರ್ ತಪ್ಪು ಹುಡುಕಲು ಹೊರಟ. ಮೊದಲು ತೊಗಲಿನ ತಪ್ಪು. ಆಮೇಲೆ ಅಂಟಿನ ತಪ್ಪು. ಆಮೇಲೆ ಕಾಲುಚೀಲದ ಹೊಲಿಗೆ. ಇವು ಮುಗಿದ ಮೇಲೆ ಸರದಿ ಭಾವನದು.

"ಎಲ್ಲೋ ನಿಮ್ಮ ಅಂದಾಜು ನುಸುಳಿದೆ ಭಾವ."

ಭಾವನ ಮುಖ ಕೆಂಪಗಾಯಿತು. "ಅಂದಾಜು ನುಸುಳಿದ್ರೆ ನನ್ನ ತಂಗಿ ಬೆರಳು ಚೆನ್ನಾಗಿರ್ತಿತ್ತು. ನೀವು ಹೇಳಿದ ಹಾಗೆ ಗೆರೆ ಮೇಲೇ ಕತ್ತರಿಸಿದೀನಿ. ಹೋಗಿ, ಅಳೀರಿ."

ಮಿಲಿಮೀಟರ್ ಬೂಟನ್ನು ಮನೆಗೆ ತಂದ. ಅಡಿ ಬಿಚ್ಚಿ, ಕಪಾಟಿನ ಬಾಗಿಲಿನ ಹಾಳೆ ಕಿತ್ತು, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ ಮುಖದಲ್ಲಿ ಗೆಲುವು ಮೂಡಿತು. ಹೆಂಡತಿ ಮಂಚದ ಮೇಲೆ ಬ್ಯಾಂಡೇಜು ಕಟ್ಟಿದ ಕಾಲು ಚಾಚಿ ಕೂತಿದ್ದಳು. ಅವಳೆದುರಿಗೆ ನಿಂತು, "ನೋಡು, ಬೂಟು ಸರಿಯಾಗೇ ಇದೆ" ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವು ಕಂಡಿದ್ದೇವೆ. ಮೊಲವನ್ನು ಎದುರಿಗೆ ಕೂರಿಸಿಕೊಂಡು ಅದಕ್ಕೇ ಹೀಗೆ ಹೇಳಿದವನು ಇವನು.

ಅವಳು ಕೈ ಚಾಚಿ ಹಾಳೆ ತೆಗೆದುಕೊಂಡಳು. ಮಂಚದ ಮೇಲೆ ಹಾಸಿ, ಬ್ಯಾಂಡೇಜು ಇಲ್ಲದ ಬಲಗಾಲನ್ನು ಅದರ ಬಲಗಾಲಿನ ಚಿತ್ರದ ಮೇಲಿಟ್ಟಳು. ಹಿಮ್ಮಡಿಯನ್ನು ಗೆರೆಗೆ ಸರಿಯಾಗಿ ಕೂರಿಸಿದಳು. ಹೆಬ್ಬೆರಳು ಗೆರೆ ದಾಟಿ ಆಚೆಗೆ ಕೂತಿತ್ತು.

"ಹಾಗಾದ್ರೆ ಇದು ಯಾರ ಕಾಲು?" ಅಂದಳು.

ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಸ್ಕೇಲನ್ನು ಸಾಕ್ಷಿಗೆರೆಯ ಮೇಲಿಟ್ಟ. ಒಂಬತ್ತು ಬಿಂದು ಆರು. ಕಣ್ಣುಜ್ಜಿಕೊಂಡು ಮತ್ತೆ ಇಟ್ಟ. ಒಂಬತ್ತು ಬಿಂದು ಆರೇ. ಮೇಲಿನ ಎರಡು ಸಾಲು ದಪ್ಪ ಅಕ್ಷರ ನೋಡಿದ. ಅವನಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಮಂಚದ ತುದಿಯಲ್ಲಿ ಕೂತ. ನಡೆದದ್ದನ್ನು ಒಂದನ್ನೂ ಮುಚ್ಚಿಡದೆ ಹೇಳಿದ. ತಲೆಬರಹಕ್ಕೆ ಜಾಗ ಸಾಲದೆ ಹೋದದ್ದು, ತಾನು ಕೊಟ್ಟ ಆಜ್ಞೆ, ಅಳೆಯದೆ ಬಿಟ್ಟದ್ದು.

ಅವಳು ಪೂರ್ತಿ ಕೇಳಿದಳು. "ಜೀವಮಾನದಲ್ಲಿ ಒಂದು ಸಲ ಹೆಂಡತಿ ಬಗ್ಗೆ ಎರಡು ಸಾಲು ಬರೆದ್ರಿ," ಅಂದಳು. "ಅದಕ್ಕೆ ಜಾಗ ಮಾಡೋಕೆ ನನ್ನ ಕಾಲೇ ಚಿಕ್ಕದಾಗ್ಬೇಕಿತ್ತಾ?"

ನಗುತ್ತಲೇ ಹೇಳಿದ್ದು. ಆದರೆ ನಗು ನಿಂತ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಊಟಕ್ಕೆ ಕರೆದಾಗಲೂ ಏಳಲಿಲ್ಲ.

ಬೆರಳು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕೋಪ ತೋರಿಸಲಿಲ್ಲ; ತಮಾಷೆ ಮಾಡಿದಳು. ಅವಳ ತಮಾಷೆಗಿಂತ ಎರಡು ಏಟು ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹೊಲಿಗೆ ಬಿಚ್ಚಿದ ದಿನ ಕಾಲನ್ನು ಆಚೀಚೆ ತಿರುಗಿಸಿ ನೋಡಿಕೊಂಡು, "ಈಗ ಅಗಲ ಸರಿಹೋಗತ್ತೆ ಬಿಡಿ. ನಿಮ್ಮ ಹಾಳೆ ತಪ್ಪಿರಲಿಲ್ಲ, ನನ್ನ ಕಾಲೇ ನಿಧಾನ" ಅಂದಳು. ಮಿಲಿಮೀಟರ್ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತ.

ಕಾರ್ಖಾನೆಯಲ್ಲಿ ಅವನು ಮಾಡಿದ ಮೊದಲ ಕೆಲಸ ಗೋಡೆಯ ಬರಹ ಕಿತ್ತುಹಾಕಿದ್ದು. ಬರಹ ಇದ್ದ ಜಾಗದಲ್ಲಿ ಗೋಡೆ ಇನ್ನೂ ಬೆಳ್ಳಗಿದೆ. ತಂಗಿಯ ಕಾಲು ಕಣ್ಣಿಗೆ ಕಂಡರೂ ಗೆರೆಯ ಮೇಲೇ ಕತ್ತರಿಸಿದೆನಲ್ಲ ಎಂದು ಭಾವನಿಗೂ ನಿದ್ದೆ ಬರುತ್ತಿರಲಿಲ್ಲ. ಇಬ್ಬರೂ ಈಗ 'ಭಾವ' ಅನ್ನುವುದನ್ನು ಮೆಲ್ಲಗೆ ಅನ್ನುತ್ತಾರೆ.

ಗಾಯ ಪೂರ್ತಿ ಮಾಗಿದ ಮೇಲೆ ಹೊಸ ಬೂಟಿನ ಅಳತೆ. ಅವಳು ಗಾಜಿನ ಹಲಗೆಯ ಮೇಲೆ ನಿಂತು ಇಳಿದಳು. ಹಾಳೆ ಬಂತು. ಮಿಲಿಮೀಟರ್ ಸಾಕ್ಷಿಗೆರೆ ಅಳೆದ. ಹತ್ತು. ಭಾವನನ್ನು ಕರೆದು ಅವನ ಕೈಯಲ್ಲೂ ಅಳೆಸಿದ. ಹತ್ತು. ತಲೆಬರಹ ಇರಲಿಲ್ಲ.

"ಈ ಸಲ ಏನೂ ಬರೆದಿಲ್ವಾ?" ಅಂದಳು.

"ಇಲ್ಲ."

"ಒಳ್ಳೇದಾಯ್ತು. ಇನ್ನೂ ಒಂಬತ್ತು ಬೆರಳಿವೆ, ನೀವು ಬರೀತಾ ಹೋದ್ರೆ ಕಷ್ಟ."

ಅವಳು ಬೆಂಚಿನ ಮೇಲೆ ಕೂತು, ಚೀಲದಿಂದ ಮಕ್ಕಳ ಉತ್ತರಪತ್ರಿಕೆ ತೆಗೆದು ತಿದ್ದತೊಡಗಿದಳು. ಮಿಲಿಮೀಟರ್ ಸ್ಕೇಲನ್ನು ಮೇಜಿನ ಮೇಲಿಟ್ಟು, ಹಾಳೆ ಹಿಡಿದು ಅವಳೆದುರಿಗೆ ನೆಲದ ಮೇಲೆ ಕೂತ. ಗೆರೆಗೂ ಕಾಲಿಗೂ ಹೊಂದುತ್ತದೆಯೇ ಎಂದು ಈ ಸಲ ಕಾಲನ್ನೇ ಇಟ್ಟು ನೋಡಬೇಕಿತ್ತು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಈ ಪಾದವನ್ನು ಅವನು ಗಾಜಿನ ಮೇಲೆ ಕಂಡಿದ್ದ, ಪರದೆಯ ಮೇಲೆ ಕಂಡಿದ್ದ, ಕಾಗದದ ಮೇಲೆ ಕಂಡಿದ್ದ. ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಹಿಮ್ಮಡಿ ಒರಟಾಗಿತ್ತು. ಬೆರಳಿದ್ದ ಜಾಗದ ಹೊಸ ಚರ್ಮ ನುಣ್ಣಗಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು ಹಾಗೇ ಕೂತ.

ಅವಳು ಒಂದು ಪತ್ರಿಕೆ ತಿದ್ದಿ ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು. ತಲೆಯೆತ್ತದೆಯೇ, "ಎಷ್ಟು ಹೊತ್ತು ರೀ? ಇನ್ನೂ ಹಿಡ್ಕೊಂಡೇ ಇಲ್ವಾ? ಅಳತೆ ನೋಡಿ, ಮುಗಿಸಿ. ನನಗೆ ಶಾಲೆಗೆ ಹೊತ್ತಾಯ್ತು" ಅಂದಳು.

ಮಿಲಿಮೀಟರ್ ಕೈಯನ್ನು ನಿಧಾನವಾಗಿ ಮೇಲಕ್ಕೆ ಸರಿಸಿದ. ಪಾದದ ಮೇಲಿಂದ ಕಣಕಾಲಿಗೆ, ಕಣಕಾಲಿನಿಂದ ಇನ್ನೂ ಮೇಲಕ್ಕೆ, ಡಾಕ್ಟರು ಹೇಳಿದ್ದ, ಕಾಲುಚೀಲ ಮುಗಿಯುವ ಜಾಗದಾಚೆಗೆ.

ಅವಳ ಪೆನ್ನು ನಿಂತಿತು. ಬಗ್ಗಿ ನೋಡಿದಳು.

"ಕೈ ತಣ್ಣಗಿದೆ ನಿಮ್ದು," ಅಂದಳು.